ಕಿಂಡ್ಯಾಗಿನ ಬಟ್ಟಲ

ಕಮಲಾಪುರ
೩ ಮೇ ೨೦೨೫

ಪ್ರೀತಿಯ ಮಗಳು ಪಂಚಶೀಲಾಗ ನಿನ್ನ ಕಾಕಾನ ಜೈಭೀಮ.

ಆರಾಮ ಇದ್ದೀಯಲ್ಲ? ಬಿಸಿಲಾಗ ಕುಂತು ಹಳೇ ಊರು ಅಗೆಯೋ ಕೆಲಸ ನಿಂದು. ತಲೀಗಿ ಬಟ್ಟಿ ಕಟ್ಟಿಕೋ, ಮಜ್ಜಿಗಿ ಕುಡಿ. ನಾವಿಬ್ಬರೂ ಆರಾಮ. ನಿನ್ನ ಸಣ್ಣವ್ವನ ಮೊಣಕಾಲು ಮಾತ್ರ ಅಕಿ ಮಾತು ಕೇಳಾಕತ್ತಿಲ್ಲ; ಈ ಮನ್ಯಾಗ ಅಕಿ ಮಾತು ಕೇಳದ್ದು ಅದೊಂದೇ. ಫೋನ್ ಬಿಟ್ಟು ಪತ್ರ ಯಾಕಂದ್ರ, ಫೋನಿನಾಗ ನೀ ನನ್ನ ಮಾತು ಮುಗಿಯಾಕ ಬಿಡಂಗಿಲ್ಲ.

ಮಡಕಿ ಚೂರು ನೋಡಿ ಊಹೆ ಮಾಡ್ತೀವಿ, ಒಮ್ಮೊಮ್ಮೆ ತಪ್ಪೂ ಆಗ್ತದ ಅಂತ ಹೋದ ವಾರ ಅಂದಿದ್ದಿ. ಅಂದಿನಿಂದ ನನಗೊಂದೇ ಧ್ಯಾನ. ಏಳನೇ ಇಯತ್ತೆ ಕಲಿತವ ಅಂತ ನಗಬ್ಯಾಡ. ನಮ್ಮೂರ ಸಾಲ್ಯಾಗ ಭೂಗೋಳಕ್ಕ ನನ್ನ ಮೀರಿಸಿದವ ಹುಟ್ಟಿಲ್ಲ. ಸಾವಿರಾರು ವರ್ಷ ಆದಮ್ಯಾಲ ಬ್ಯಾರೆ ನಕ್ಷತ್ರದ ನಾಕು ಕಣ್ಣಿನವರು ಬಂದು, ನಿನ್ನಂಗ ಕುಂಚ ಹಿಡಿದು ಕಮಲಾಪುರ ಅಗೆದ್ರು ಅಂತ ತಿಳಕೋ. ಮೊದಲು ಸಿಗೋದು ಕೂಲರ್. ಮನಿಗೊಂದು ತಗಡಿನ ಗುಡಿ, ಮೈತುಂಬ ಹುಲ್ಲು, ದಿನಾ ಕೊಡಗಟ್ಟಲೆ ನೀರಿನ ಸೇವೆ. ಇದು ಇವರ ಬ್ಯಾಸಗಿ ದೇವರು ಅಂತ ಬರಕೋತಾರ. ನಮ್ಮ ಮೇ ತಿಂಗಳ ನೋಡಿದ್ರ ಅದು ಪೂರಾ ತಪ್ಪಂತೂ ಅಲ್ಲ.

ಆಮ್ಯಾಲ ನಮ್ಮ ಮನಿ ಸಿಗ್ತದ. ಒಂದೇ ಪಾಯಾ, ನಡುವ ಗ್ವಾಡಿ, ಎರಡು ಬಾಗಿಲು, ಎರಡು ಒಲಿ. ಎರಡು ರಾಜ್ಯ, ಭಾರೀ ವೈರ ಅಂತಾರ. ಅದೂ ಖರೇನೇ, ನಿಮ್ಮಪ್ಪ ಮಾಪಣ್ಣ ಸಾಯೋತನಕ ನಾವು ಅಣ್ಣತಮ್ಮರು ಮಾತಾಡಲಿಲ್ಲ. ಅಡಗಿಮನಿ ಗ್ವಾಡ್ಯಾಗ ಕೈ ಹಾಯುವಷ್ಟು ಕಿಂಡಿ ನೋಡಿ, ಬಾಣ ಬಿಡೋ ತೂತು ಅಂತಾರ. ನಿಮ್ಮವ್ವ ಶಿವಕಾಂತಮ್ಮನ ಹೆಸರು ಕೊರೆದ ಸ್ಟೀಲ್ ಬಟ್ಟಲ ನಮ್ಮ ಕಡೆ, ನಿನ್ನ ಸಣ್ಣವ್ವ ಕಾವೇರಿ ಹೆಸರಿಂದು ನಿಮ್ಮ ಕಡೆ. ಲೂಟಿ! ಒಬ್ಬರ ಪಾತ್ರೆ ಒಬ್ಬರು ದೋಚ್ಯಾರ! ಅಂತ ತೀರ್ಪು ಕೊಟ್ಟು ಗಾಜಿನ ಪೆಟಿಗ್ಯಾಗ ಇಡ್ತಾರ. ನಾಕು ಕಣ್ಣಿದ್ದು ಏನು ಬಂತು?

ನೆಗೆಣ್ಣಿಯರಿಬ್ಬರು ಒಂದೇ ಬಸ್ಸಿಗೆ ಕಲಬುರಗಿಗೆ ಹೋಗಿ, ಅದಲುಬದಲು ಆಗಬಾರದಂತ ಹೆಸರು ಹಾಕಿಸಿ ತಂದ ಬಟ್ಟಲ ಅವು. ಮರುದಿನದಿಂದಲೇ ಅದಲುಬದಲು. ಹಸಿ ಗ್ವಾಡಿಯಿಂದ ಒಂದು ಕಲ್ಲು ಕಿತ್ತವರೂ ಅವರೇ. ಈ ಕಡೆಯಿಂದ ಪುಂಡಿಪಲ್ಯ, ಆ ಕಡೆಯಿಂದ ಶೇಂಗಾಹಿಂಡಿ. ಏನೂ ಇಲ್ಲದ ದಿನ ಚಿಟಿಕಿ ಸಕ್ಕರಿ. ಖಾಲಿ ಬಟ್ಟಲ ತಿರುಗಿ ಕೊಡಬಾರದು ಅಂತಿದ್ರು ನಿಮ್ಮವ್ವ, ನಮ್ಮ ವೈನಿ. ಅಣ್ಣ ಆ ಕಡೆ, ನಾ ಈ ಕಡೆ, ಗ್ವಾಡಿಗೆ ಬೆನ್ನು ಮಾಡಿ ಉಂಡಿವಿ.

ವೈನಿ ಹೋಗಿ ವರ್ಷ ಆಗಾಕ ಬಂತು. ಬಾಡಿಗಿಯವರು ಬರೋದ್ರೊಳಗ ಕಿಂಡಿ ಮುಚ್ಚಸು ಅಂದೀ. ಆ ಕಡೆ ಮನಿ ನಿಂದು, ಮಾತೂ ನಿಂದೇ. ಗೌಂಡಿ ರಾಮಣ್ಣಗ ಹೇಳೀನಿ.

ಬುದ್ಧನ ಕರುಣೆ ನಿನ್ನ ತಲೀ ಮ್ಯಾಲ ನೆರಳಾಗಿರಲಿ, ಕೂಲರ್‌ಕಿಂತ ತಂಪಾಗಿರಲಿ.

ನಿನ್ನ ಕಾಕಾ
ಭೀಮಶಾ

ತಾ.ಕ.: ಬರೀಬಾರದು ಅಂತಿದ್ದೆ. ವೈನಿ ಬಟ್ಟಲ ನಮ್ಮ ಕಡೆನೇ ಉಳಿದದ. ನಿನ್ನ ಸಣ್ಣವ್ವ ಈಗಲೂ ದಿನಾ ಅದರಾಗ ಪಲ್ಯ ಹಾಕಿ ಕಿಂಡ್ಯಾಗ ಇಡ್ತಾಳ. ನಾ ಓಣಿ ಸುತ್ತಿ ಹೋಗಿ, ನಿಮ್ಮ ಕಡೆ ಕೀಲಿ ತೆಗೆದು, ವೈನಿ ಒಲಿ ಮುಂದ ಕುಂತು ಉಂಡು, ಬಟ್ಟಲ ತೊಳೆದು, ಚಿಟಿಕಿ ಸಕ್ಕರಿ ಹಾಕಿ ಇಟ್ಟು ಬರ್ತೇನಿ. ಯಾರು ಇಟ್ಟರು ಅಂತ ಅಕಿ ಒಮ್ಮೆನೂ ಕೇಳಿಲ್ಲ. ಸಕ್ಕರಿ ಮಾತ್ರ ಚಹಾಕ್ಕ ಹಾಕ್ಕೋತಾಳ. ರಾಮಣ್ಣ ಬುದ್ಧಪೂರ್ಣಿಮಿ ಮರುದಿನ ಬರ್ತಾನ. ಅದಕ್ಕೂ ಮೊದಲ ನೀ ಬಂದು, ಆ ಕಡೆ ನಿಂತು, ಅಕಿ ಕೈಯಿಂದ ಒಮ್ಮೆ ಬಟ್ಟಲ ತಗೋ. ಆಮ್ಯಾಲೂ ಮುಚ್ಚು ಅಂದ್ರ, ಕಲ್ಲು ನಾನೇ ಇಡ್ತೇನಿ.