ಭಾನುವಾರದ ಮೈಲೇಜು

ಸೋಮವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಕೋಪ ಇಟ್ಟುಕೊಂಡಿರುವ ನನ್ನವರಿಗೆ,

ನಾನು ಚೆನ್ನಾಗಿದ್ದೇನೆ. ನೀವೂ ಚೆನ್ನಾಗಿದ್ದೀರೆಂದು ಗೊತ್ತು. ಹೇಗೆ ಗೊತ್ತಾಯಿತು ಎಂದು ಹೇಳುವುದಕ್ಕೇ ಈ ಕಾಗದ.

ಮಾವ ತೀರಿಕೊಂಡ ತಿಂಗಳಿಗೇ ನೀವು ಅವರ ಕಾರನ್ನು ಮಾರಲು ಹೊರಟಿರಿ. ನಾನು ಬೇಡವೆಂದೆ. ಮಾತಿಗೆ ಮಾತು ಬೆಳೆಯಿತು. "ಆ ಕಾರು ಇರೋವರೆಗೂ ಈ ಮೆಟ್ಟಿಲು ಹತ್ತಲ್ಲ" ಎಂದು ಚೀಲ ಎತ್ತಿಕೊಂಡು ಹೊರಟೇಬಿಟ್ಟಿರಿ. ಅಪ್ಪನಿಲ್ಲದ ಕಾರನ್ನು ದಿನಾ ನೋಡಲಾಗದೆ ನೀವು ಹಾಗೆಂದಿರಿ ಎಂದು ನನಗೆ ಹೊಳೆಯುವಷ್ಟರಲ್ಲಿ, ನೀವು ವರ್ಗ ಮಾಡಿಸಿಕೊಂಡು ಬೇರೆ ಊರಿನಲ್ಲಿ ಕೋಣೆ ಹಿಡಿದಾಗಿತ್ತು. ಹೇಳಿದ ಹಾಗೆ ಮೆಟ್ಟಿಲು ಹತ್ತಲಿಲ್ಲ, ಒಪ್ಪಿದೆ. ಆದರೆ ಹಿತ್ತಲಿನ ಶೆಡ್ಡಿಗೆ ಮೆಟ್ಟಿಲೇ ಇಲ್ಲವಲ್ಲ! ಕಳ್ಳರು ನೀವು.

ಇವತ್ತು ನಮ್ಮ ಕನ್ನಡಕದ ಅಂಗಡಿಗೆ ರಜೆ. ಲೆನ್ಸ್ ತರಲು ಹೋಗುವಾಗ ಕಾರನ್ನು ಮೆಕ್ಯಾನಿಕ್ಕಿಗೆ ತೋರಿಸಿದೆ. ನೀವು ಹೋದಮೇಲೆ ನಾನು ಅದಕ್ಕೆ ಒಂದು ಹನಿ ಎಣ್ಣೆ ಹಾಕಿಸಿಲ್ಲ, ಟೈರಿಗೆ ಗಾಳಿ ಹಿಡಿಸಿಲ್ಲ. ಮೇಲೊಂದಿಷ್ಟು ಧೂಳು ಒರೆಸಿದ್ದರೆ ಅದೇ ದೊಡ್ಡದು. ಹೀಗೆ ಬಿಟ್ಟರೆ ಪೆಟ್ರೋಲನ್ನು ಗಟಗಟನೆ ಕುಡಿಯಬೇಕಿತ್ತು. ಇದು ನೋಡಿದರೆ ಉಪವಾಸ ಹಿಡಿದಂತೆ ಓಡುತ್ತಿದೆ. ಪೆಟ್ರೋಲಿನ ಮುಳ್ಳು ಜಗ್ಗುವುದೇ ಇಲ್ಲ. ಮುಳ್ಳೇ ಕೆಟ್ಟಿದೆ ಎಂದು ತೋರಿಸಲು ಹೋದರೆ, ಮೆಕ್ಯಾನಿಕ್ ಬಾನೆಟ್ ಎತ್ತಿದ. ಏರ್ ಫಿಲ್ಟರನ್ನು ಬೆಳಕಿಗೆ ಹಿಡಿದು ನೋಡಿದ, ಒಂದು ಕಣ ಧೂಳಿಲ್ಲ. ಪ್ಲಗ್ಗುಗಳು ಉಜ್ಜಿಟ್ಟ ಹಾಗಿವೆ. ಆಯಿಲ್ ಹೊಸದು. ನಾಲ್ಕು ಟೈರಿನಲ್ಲೂ ಹದವಾದ ಗಾಳಿ.

"ನನ್ನ ಹೊಟ್ಟೆ ಮೇಲೆ ಹೊಡೀತಿದ್ದೀರಲ್ಲಮ್ಮಾ, ಯಾರ ಕೈಲಿ ಮಾಡಿಸ್ತಿದ್ದೀರಿ?" ಎಂದು ಕೇಳಿದ. "ನಮ್ಮನೆಯವರೇ ಮಾಡ್ತಾರೆ" ಎಂದುಬಿಟ್ಟೆ. ಆ ಮಾತು ಬಾಯಿಗೆ ಬಂದು ಎಷ್ಟು ಕಾಲವಾಗಿತ್ತು! ಹೇಳಿದ ಮೇಲೆ ಮುಖ ಬಿಸಿಯಾಯಿತು. ಈ ವಯಸ್ಸಿನಲ್ಲಿ ಇದೊಂದು ಬಾಕಿ ಇತ್ತು.

ಆಗಲೇ ಒಂದೊಂದೂ ಕೂಡಿಕೊಳ್ಳುತ್ತಾ ಬಂತು. ಇಡೀ ದಿನ ಊರವರ ಕಣ್ಣು ಪರೀಕ್ಷೆ ಮಾಡುವವಳಿಗೆ ಮನೆಯ ಹಿತ್ತಲಲ್ಲಿ ಆಗುವುದು ಕಾಣಲಿಲ್ಲ ನೋಡಿ. ಭಾನುವಾರ ಅಂಗಡಿಯಲ್ಲಿ ಜನ ಹೆಚ್ಚು, ನಾನು ಸಂಜೆಯವರೆಗೆ ಅಲ್ಲೇ ಇರುತ್ತೇನೆ. ಅದನ್ನು ತಿಳಿದೇ ನೀವು ಬರುತ್ತೀರಿ. ಕಾರಿನ ಎರಡನೆಯ ಕೀಲಿ ನಿಮ್ಮ ಹತ್ತಿರವೇ ಇದೆಯಲ್ಲ. ಕಳೆದ ತಿಂಗಳು ಒಂದು ಭಾನುವಾರ ಸಂಜೆ ಒಗೆದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದಾಗ ಬಾನೆಟ್ಟಿಗೆ ಕೈ ತಾಗಿತು, ಬೆಚ್ಚಗಿತ್ತು. ಬಿಸಿಲಿಗೆ ಎಂದುಕೊಂಡೆ. ಶೆಡ್ಡಿನೊಳಗೆ ಎಲ್ಲಿಯ ಬಿಸಿಲು? ಟೈರಿನ ಮೇಲೆ ಸೀಮೆಸುಣ್ಣದ ಗೀಟಿತ್ತು. ಗಾಳಿ ತುಂಬಿದ ಪ್ರತಿ ಟೈರಿಗೂ ಗೀಟು ಎಳೆಯುವುದು ನಿಮ್ಮ ಮನೆತನದ ಚಾಳಿ. ಬಗ್ಗಿ ನೋಡಿದರೆ ವಾಲ್ವಿನ ತುದಿ ಇನ್ನೂ ಒದ್ದೆ. ಗಾಳಿ ಸೋರುತ್ತಿದೆಯೇ ಎಂದು ನೋಡಲು ಎಂಜಲು ಹಚ್ಚುವುದನ್ನು ಬಿಡಿ ಎಂದು ಎಷ್ಟು ಸಲ ಹೇಳಿದ್ದೇನೆ! ಅಪ್ಪನಿಂದ ಕಲಿತದ್ದು ಬಿಡುತ್ತೀರಾ?

ಪೆಟ್ರೋಲನ್ನೂ ನೀವೇ ಹಾಕಿಸುತ್ತಿರಬೇಕು. ನಾನು ಸೋಮವಾರ ಮಾತ್ರ ಕಾರು ತೆಗೆಯುವವಳು, ಆದರೂ ಕಿಲೋಮೀಟರು ವಾರವಾರ ಏರುತ್ತಿದೆ. ಎಲ್ಲಿ ಸುತ್ತುತ್ತೀರೋ ನೀವೇ ಹೇಳಬೇಕು. ಇನ್ನೊಂದಕ್ಕೂ ಉತ್ತರ ಬೇಕು. ಪ್ರತಿ ಸೋಮವಾರ ನಾನು ಕೂತಾಗ ಸ್ಟೀರಿಂಗು ಮೊಣಕಾಲಿಗೆ ಬಡಿಯುತ್ತದೆ. ಅಷ್ಟು ಎತ್ತರದ ನೀವು ಡ್ರೈವರ್ ಸೀಟನ್ನು ಅಷ್ಟು ಮುಂದಕ್ಕೆ ಯಾಕೆ ಎಳೆಯುತ್ತೀರಿ? ಅಡಿಯಲ್ಲಿ ಗುಡಿಸಿ, ಹಿಂದಕ್ಕೆ ತಳ್ಳಲು ಮರೆಯುತ್ತೀರಿ ಎಂದುಕೊಂಡಿದ್ದೇನೆ. ಪಕ್ಕದ ಸೀಟನ್ನು ಮಾತ್ರ ಪೂರ್ತಿ ಹಿಂದಕ್ಕೆ ಸರಿಸಿ, ಒರೆಸಿ, ಅತಿಥಿಗೆ ಅಣಿಮಾಡಿದ ಹಾಗೆ ಇಟ್ಟಿರುತ್ತೀರಿ. ಅಲ್ಲಿ ಯಾರನ್ನು ಕೂರಿಸಿಕೊಳ್ಳುತ್ತೀರಿ ಎಂದು ನಾನು ಕೇಳುವುದಿಲ್ಲ. ಕೇಳಿದ ಹಾಗಾಯಿತು, ಇರಲಿ.

ನಿಮಗೆ ಹೇಳದ ಒಂದು ಮಾತಿದೆ. ಮಾವ ನನಗೆ ಡ್ರೈವಿಂಗ್ ಕಲಿಸುವಾಗ ಹೇಳಿದ್ದು. ಅವರು ಕುಳ್ಳು, ಸ್ಟೀರಿಂಗನ್ನು ತಬ್ಬಿಕೊಂಡೇ ಓಡಿಸುತ್ತಿದ್ದರಲ್ಲ. "ಆಕ್ಸಿಲರೇಟರ್ ತುಳೀಬೇಡಮ್ಮಾ, ಮಲಗಿರೋ ಮಗು ಮೇಲೆ ಕೈ ಇಟ್ಟ ಹಾಗೆ ಮೆತ್ತಗೆ" ಎನ್ನುತ್ತಿದ್ದರು. ಪೆಟ್ರೋಲಿನ ವಿಷಯದಲ್ಲಿ ಇಷ್ಟೊಂದು ಜಿಪುಣತನ ಯಾಕೆ ಮಾವ ಎಂದು ತಮಾಷೆ ಮಾಡಿದೆ. ಅವರು ನಗಲಿಲ್ಲ. ನೀವು ಹಾಸ್ಟೆಲಿನಲ್ಲಿದ್ದಾಗ ಪ್ರತಿ ಭಾನುವಾರ ಅಷ್ಟು ದೂರ ಬಂದು, ರಸ್ತೆಯ ಆಚೆ ಬದಿ ಕಾರು ನಿಲ್ಲಿಸಿ, ನೀವು ಕಿಟಕಿಗೆ ಬರುವವರೆಗೆ ಕಾದು, ಮುಖ ನೋಡಿಕೊಂಡು ಹಾಗೇ ಹಿಂತಿರುಗುತ್ತಿದ್ದರಂತೆ. ಕೈಯಲ್ಲಿದ್ದಷ್ಟು ದುಡ್ಡಿನ ಪೆಟ್ರೋಲಿನಲ್ಲೇ ಹೋಗಿ ಬರಬೇಕಿತ್ತಂತೆ. ಅದಕ್ಕೇ ಫಿಲ್ಟರು, ಅದಕ್ಕೇ ಪ್ಲಗ್ಗು, ಅದಕ್ಕೇ ಟೈರಿನ ಗಾಳಿ. "ಒಂದ್ಸಲ ಕರ್ಕೊಂಡು ಬಂದ್ಬಿಡೋಣ ಅನ್ಸೋದು. ಓದು ಕೆಡುತ್ತೆ ಅಂತ ಸುಮ್ನಾದೆ. ಅವನಿಗೆ ಹೇಳ್ಬೇಡ, ನಾಚ್ಕೋತಾನೆ" ಎಂದರು. ಅಂಥವರ ಮಗ ನೀವು. ಕದ್ದು ಬಂದು ಗಾಳಿ ತುಂಬಿ ಹೋಗುವುದರಲ್ಲಿ ಆಶ್ಚರ್ಯವೇನಿದೆ?

ಸಾಕು ಮಾಡಿ ಈ ಕಣ್ಣಾಮುಚ್ಚಾಲೆ. ಮುಂದಿನ ಸಲ ಶೆಡ್ಡಿಗಲ್ಲ, ಮನೆಯೊಳಕ್ಕೆ ಬನ್ನಿ. ಕಾರು ಮಾರಬೇಕೆಂದರೆ ಮಾರೋಣ. ನನಗೆ ನೀವು ಬೇಕು. ಇಷ್ಟು ಬರೆಯುವುದಕ್ಕೆ ಮನೆಗೆ ಬಂದಾಗಿನಿಂದ ಹೆಣಗಿದ್ದೇನೆ, ಇದನ್ನು ಓದಿ ಹಲ್ಲು ಕಿರಿಯಬೇಡಿ.

ನಿಮ್ಮ,
ಮೊಂಡಿ

ಮಡಚಿದ್ದ ಕಾಗದವನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಬಿಂಕ ಬಿಟ್ಟು ವಿಳಾಸ ಬರೆಯುವುದರೊಳಗೆ ವಾರ ಕಳೆಯಿತು. ಇವತ್ತು ಭಾನುವಾರ. ಬೆಳಿಗ್ಗೆ ಗುಂಡಿ ಹುಡುಕುತ್ತಾ ಹೊಲಿಗೆ ಡಬ್ಬಿ ಸುರಿದರೆ, ತಳದಿಂದ ಎರಡನೆಯ ಕೀಲಿ ಬಿತ್ತು. ಅದಕ್ಕೆ ನಾನೇ ಕಟ್ಟಿದ್ದ ದಾರ ಹಾಗೇ ಇದೆ. ನೀವು ಅದನ್ನು ಒಯ್ದೇ ಇಲ್ಲ.

ಅಂಗಡಿಗೆ ಹೋದೆ, ಇರಲಾಗಲಿಲ್ಲ. ಮಧ್ಯಾಹ್ನ ಬಾಗಿಲೆಳೆದು ಓಡಿ ಬಂದೆ. ಶೆಡ್ಡು ಖಾಲಿ. ಎರಡು ಕೀಲಿಯೂ ನನ್ನ ಮಡಿಲಲ್ಲಿವೆ. ಸೋಮವಾರಗಳಂದು ಬರೆದಿಟ್ಟಿದ್ದ ಕಿಲೋಮೀಟರನ್ನು ಈಗ ಲೆಕ್ಕ ಹಾಕಿದೆ. ವಾರವಾರ ಏರುತ್ತಿರುವುದು ಇಲ್ಲಿಂದ ನಿಮ್ಮ ಕೋಣೆಗೆ ಹೋಗಿಬರುವಷ್ಟು, ಅಷ್ಟೇ. ಪಕ್ಕದ ಸೀಟು ಯಾರ ಕಾಲಿಗೆ ಸರಿಯಾಗಿ ಸರಿದಿದೆ ಎಂದೂ ಗೊತ್ತಾಯಿತು.

ರಸ್ತೆಯ ಆಚೆ ಬದಿ ನಮ್ಮ ಕಾರು ಕಂಡರೆ ಕಿಟಕಿಗೆ ಬಂದು ಮುಖ ತೋರಿಸಿ. ನೀವು ಚೆನ್ನಾಗಿರುವುದನ್ನು ಮಾವ ನೋಡಲಿ. ಬಾಗಿಲು ತೆರೆದು ಕರೆದರೂ ಹತ್ತಬೇಡಿ. ಮನೆಗೆ ಬನ್ನಿ, ಬೇಗ ಬನ್ನಿ, ಆದರೆ ಬಸ್ಸಿನಲ್ಲಿ ಬನ್ನಿ.