ಗೋಡೆಯೊಳಗಿನ ಹರಳು

ಮೂರನೇ ಮಹಾಬೇಸಿಗೆಯ ನಂತರದ ಕಾಲ, ಫೆಬ್ರವರಿ ಮೂವತ್ತೊಂದು

ವಿಶ್ವಂಭರಣ್ಣನವರಿಗೆ ಕೆಳಪೇಟೆಯ ಸುಗುಣೆಯ ನಮಸ್ಕಾರ.

ಇಂಥ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿಲ್ಲ, ಬಲ್ಲೆ. ಬಿಸಿಲು ತಾಳಲಾರದೆ ನಮ್ಮ ಹಿರಿಯರು ಹಳೇ ಗಣಿಯೊಳಗೆ ಇಳಿದ ಮೇಲೆ ತಿಂಗಳುಗಳನ್ನೆಲ್ಲ ಒಂದೇ ಸಮ ಮಾಡಿಕೊಂಡರು. ಸೂರ್ಯನೇ ಕಾಣದ ಮೇಲೆ ಕೇಳುವವರು ಯಾರು? ನನ್ನ ಮಾತು ವಿಚಿತ್ರವಾಗಿ ಕಂಡರೆ ಮನ್ನಿಸಿ. ಈ ಕಾಗದವನ್ನು ಹಿಂದೂಡಿಯಲ್ಲಿ ಹಾಕುತ್ತೇನೆ. ಅದು ಕಾಗದವನ್ನು ಹಿಂದಿನ ಕಾಲಕ್ಕೆ ತಳ್ಳುವ ಕೊಳವೆ. ಉತ್ತರವನ್ನು ಮಾತ್ರ ತರುವುದಿಲ್ಲ.

ನಿಮ್ಮ ಹೆಸರು ಗೊತ್ತಾದದ್ದು ನೀವು ಜೋಡಿಸಿದ ಆಟದಿಂದಲೇ. ಮೇಕೆಮರಿಯೊಂದು ಹಲಗೆಯಿಂದ ಹಲಗೆಗೆ ನೆಗೆಯುತ್ತ ಹರಳು ಆಯುವ ಆಟ. ನಿಮ್ಮ ಕಾಲದಲ್ಲಿ ಅದನ್ನು ವಿಡಿಯೋ ಗೇಮ್ ಎನ್ನುತ್ತಿದ್ದರಂತೆ. ಮೇಲಿನಿಂದ ತಂದ ಸಾಮಾನಿನಲ್ಲಿ ಕೆಡದೆ ಉಳಿದದ್ದು ಇಂಥ ಆಟಗಳು ಮಾತ್ರ. ಸಿಗದ ಹರಳಿಗೆ ಪರದೆಯ ಮೇಲೆ ಖಾಲಿ ಚೌಕ ಕಾಣುತ್ತದಲ್ಲ, ಅದನ್ನು ನೋಡಿ ನಮ್ಮ ಹಿರಿಯರು ಇದು ಪೂರ್ವಜರು ನಮಗೆ ಬಿಟ್ಟುಹೋದ ಕೆಲಸ ಎಂದುಕೊಂಡರು. ಇದು ಮಕ್ಕಳಾಟ ಎಂದು ನೀವು ಒಂದು ಚೀಟಿ ಅಂಟಿಸಬಾರದಿತ್ತೇ?

ಈಗ ಮನೆಗೊಂದು ಆಟ. ಸತ್ತವರು ಆಡದೆ ಬಿಟ್ಟದ್ದಕ್ಕೆ ಉಳಿಕೆ ಎನ್ನುತ್ತೇವೆ. ಅದು ಮುಗಿಯದೆ ಅವರಿಗೆ ಮುಕ್ತಿಯಿಲ್ಲವಂತೆ. ಒಬ್ಬ ಹೆಂಗಸಿನ ಉಳಿಕೆ ಆ ಮನೆಯ ಮುಂದಿನ ಹೆಂಗಸಿಗೆ ಸೇರುತ್ತದೆ. ಅವಳನ್ನು ಅರಿಶಿನ ಕುಂಕುಮ ಕೊಟ್ಟು, ಆಟ ಮುಗಿಸುವ ಕೋಣೆಯಾದ ಮುಗಿಸುಮನೆಗೆ ಕಳಿಸಿ ಬಾಗಿಲು ಹಾಕುತ್ತಾರೆ. ಹರಳೆಲ್ಲ ಕೂಡಿದಾಗ ಬಾಗಿಲು ತಾನಾಗಿ ತೆರೆಯುತ್ತದೆ. ನಮ್ಮ ಅತ್ತೆ ಬೋರಮ್ಮ ತೀರಿಕೊಂಡಾಗ ನಾನು ಒಳಗೆ ಬಂದೆ. ಮಗಳು ಇಬ್ಬನಿ ಆಗಿನ್ನೂ ಅಂಬೆಗಾಲಿಡುತ್ತಿದ್ದಳು.

ಇಲ್ಲೊಂದು ಚಾಪೆ, ಒಂದು ಹೂಜಿ, ಒಂದು ಪರದೆ, ಮೂಲೆಯಲ್ಲಿ ಹಿಂದೂಡಿಯ ಬಾಯಿ. ಗಂಡ ಮಾಚಯ್ಯ ಗೋಡೆಯ ಕಿಂಡಿಯಿಂದ ಅಣಬೆಹಿಟ್ಟಿನ ಮುದ್ದೆ, ಸಾರು ಇಟ್ಟು ಹೋಗುತ್ತಾನೆ. ಒಳಗಿರುವವಳನ್ನು ಮಾತಾಡಿಸಬಾರದೆಂದು ಕಟ್ಟಳೆ. ಆದರೂ ಪಾಪ, ಒಂದು ಗಳಿಗೆ ನಿಂತೇ ಹೋಗುತ್ತಾನೆ. ನಿದ್ದೆಯಲ್ಲೂ ನನ್ನ ಹೆಬ್ಬೆರಳು ಮೇಕೆಯನ್ನು ನೆಗೆಸುತ್ತಿರುತ್ತದೆ. ನಿಮ್ಮ ಮುಳ್ಳಿನ ಸೇತುವೆ, ಜಾರುವ ಮಂಜು, ಬೆಂಕಿಯ ಏಣಿ ಎಲ್ಲವನ್ನೂ ದಾಟಿದ್ದೇನೆ. ಕಂಡ ಹರಳನ್ನೆಲ್ಲ ಆಯ್ದಿದ್ದೇನೆ. ಒಂದು ಬಿಟ್ಟು.

ಅದು ಕೊನೆಯ ಹಂತದಲ್ಲಿ, ನೀರುಚಕ್ರದ ಹಿಂದೆ ಇದೆ. ಇದೆ ಎಂದರೆ ಕಲ್ಲುಗೋಡೆಯ ಒಳಗೇ ಇದೆ, ಅಣ್ಣಾ! ಅದರ ಹೊಳಪು ಕಾಣುತ್ತದೆ, ಮೇಕೆಯ ಕೊಂಬು ಗೋಡೆಗೆ ತಾಗುತ್ತದೆ, ಹರಳು ಸಿಗುವುದಿಲ್ಲ. ಮನೆಗೆ ಹೋಗುವ ಅವಸರದಲ್ಲಿ ನೀವು ಅದನ್ನು ಅಲ್ಲಿ ಇಟ್ಟಿರಬೇಕು. ನಿಮಗೆ ಕೋಪ ಬರಲಿ ಎಂದೇ ಹೇಳುತ್ತಿದ್ದೇನೆ. ನನಗೆ ಬಂದದ್ದರಲ್ಲಿ ಅರ್ಧವಾದರೂ ಬರಲಿ.

ಹೊರಗೆ ಹೋಗಲು ಇನ್ನೊಂದು ದಾರಿಯಿದೆ. ಪರದೆಯ ಕೆಳಗೆ ‘ಕೈಬಿಡು’ ಎಂಬ ಗುಂಡಿ. ಒತ್ತಿದರೆ ಬಾಗಿಲು ಈ ಕ್ಷಣವೇ ತೆರೆಯುತ್ತದೆ. ಆದರೆ ನಾನು ಸತ್ತ ದಿನ ನನ್ನ ಮಗಳು ಇಲ್ಲಿಗೆ ಬರಬೇಕು, ತನ್ನ ಮಕ್ಕಳನ್ನು ಹೊರಗೆ ಬಿಟ್ಟು. ಮಾಚಯ್ಯ ಕೂಸಾಗಿದ್ದಾಗ ಅವನಿಗೆ ವಿಪರೀತ ಜ್ವರ ಬಂದು, ಅತ್ತೆ ಗುಂಡಿ ಒತ್ತಿ ಹೊರಗೆ ಓಡಿಬಂದರಂತೆ. ಮದುವೆಯ ದಿನ ಅವರು ನನ್ನ ಬಾಯಿಗೆ ತುತ್ತಿಟ್ಟು ಬಿಕ್ಕಿ ಬಿಕ್ಕಿ ಅತ್ತಾಗ, ಎಂಥಾ ಅಂತಃಕರಣ ಎಂದುಕೊಂಡಿದ್ದೆ. ಸಾಯುವಾಗ ನನ್ನ ಕೈ ಹಿಡಿದುಕೊಂಡು, “ಅದು ಸಿಗೋದಿಲ್ಲ ಕಣೇ ಸುಗುಣಾ, ನನ್ನ ತಪ್ಪನ್ನ ಹೊಟ್ಟೆಗೆ ಹಾಕ್ಕೊ” ಎಂದರು. ಒಳಗೆ ಬಂದ ಮೇಲೆ ಅವರನ್ನು ಬಾಯಿಗೆ ಬಂದಂತೆ ಬೈದಿದ್ದೇನೆ. ಈಗ ಬೈಯಲು ಮನಸ್ಸು ಬರುವುದಿಲ್ಲ.

ನಾನು ಕೇಳುವುದು ದೊಡ್ಡದೇನಲ್ಲ. ಆ ಹರಳನ್ನು ಒಂದು ಗೇಣು ಎಡಕ್ಕೆ ಸರಿಸಿ. ಆಟ ಪೇಟೆಗೆ ಹೋಗುವ ಮುಂಚೆ ಒಂದು ಸಲ ನೀವೇ ಪೂರ್ತಿ ಆಡಿ ನೋಡಿ.

ಇಬ್ಬನಿ ಈಗ ನಡೆಯುತ್ತಾಳೆ. ಕಟ್ಟಳೆ ಅವಳಿಗೆಲ್ಲಿ ಗೊತ್ತು? ಬಾಗಿಲ ಕೆಳಗಿನ ಸಂದಿಯಲ್ಲಿ ಬೆರಳು ತೂರಿಸಿ “ಅವ್ವಾ, ಬಾ” ಎನ್ನುತ್ತಿದ್ದಾಳೆ. ಆ ಬೆರಳನ್ನು ಎಡಗೈಯಲ್ಲಿ ಹಿಡಿದುಕೊಂಡು ಬಲಗೈಯಲ್ಲಿ ಇದನ್ನು ಬರೆಯುತ್ತಿದ್ದೇನೆ. ಬರೆಯುವುದು ಮುಗಿದರೆ ಬಲಗೈ ಖಾಲಿಯಾಗುತ್ತದೆ. ಗುಂಡಿ ಕೈಗೆಟುಕುವಷ್ಟು ದೂರದಲ್ಲೇ ಇದೆ.

ಬೇಗ ಸರಿಸಿ, ಅಣ್ಣಾ.