ನಿಜವಾದ ಅಕ್ಕ

ಪ್ರೀತಿಯ ತಮ್ಮನಿಗೆ,

ನಿನ್ನ ಹೊಸ ಧಾರಾವಾಹಿಯ ಪೋಸ್ಟರ್ ನಮ್ಮ ಬಸ್ ನಿಲ್ದಾಣಕ್ಕೂ ಬಂದಿದೆ. ‘ಹೆತ್ತ ತಾಯಿಯನ್ನೇ ಕೂಡಿಹಾಕಿದ ಮಗಳು’ ಎಂದು ಬರೆಸಿ, ನಟಿಯ ಕೈಗೆ ಬೀಗ ಕೊಟ್ಟಿದ್ದೀಯ. ಪೇಪರಿನಲ್ಲೂ ಫೋನಿನಲ್ಲೂ ಅದೇ ಚಿತ್ರ. ಇದು ನಮ್ಮ ಮನೆಯದೇ ಕಥೆ ಎಂದು ನೀನು ಟಿವಿಯಲ್ಲಿ ಹೇಳಿದ ಮೇಲೆ ಹಾಲಿನವಳು ಕೂಡ ನನ್ನ ಮುಖ ನೋಡುತ್ತಿಲ್ಲ.

ನಿಮ್ಮ ಪ್ರಚಾರದ ಹುಡುಗಿ ಫೋನ್ ಮಾಡಿದ್ದಳು. “ರೇಡಿಯೊಗೆ ಬನ್ನಿ ಅಕ್ಕಾ. ತಪ್ಪಾಯ್ತು ಅಂತ ಒಂದೆರಡು ಹನಿ ಕಣ್ಣೀರು ಹಾಕಿಬಿಡಿ, ಜನ ಮುಗಿಬೀಳ್ತಾರೆ” ಅಂದಳು. ನೇರ ಪ್ರಸಾರವೇ ಎಂದು ಕೇಳಿದೆ. ಹೌದಂತೆ. ಒಪ್ಪಿಕೊಂಡೆ. ‘ಸೋಮವಾರ ಬೆಳಿಗ್ಗೆ ಎಂಟಕ್ಕೆ ನಿಜವಾದ ಅಕ್ಕ ಬಾಯಿ ಬಿಡುತ್ತಾಳೆ’ ಎಂಬ ಚೀಟಿ ಈಗ ಎಲ್ಲ ಪೋಸ್ಟರುಗಳ ಮೇಲೂ ಅಂಟಿದೆ. ಇನ್ನು ನೀನು ಅದನ್ನು ನಿಲ್ಲಿಸಲಾರೆ.

ಅಮ್ಮನಿಗೆ ಮರೆವು ಹೆಚ್ಚಾಗಿ ಬೀದಿಗೆ ಹೋಗಿಬಿಡುತ್ತಿದ್ದಾಗ ನಿನ್ನನ್ನು ಕರೆದಿದ್ದೆ. ‘ಬರಲಾಗುವುದಿಲ್ಲ, ಹೊರಗಿನಿಂದ ಬೀಗ ಹಾಕಿಬಿಡು’ ಎಂದು ನೀನು ಬರೆದ ಪತ್ರ ನನ್ನ ಬಳಿ ಇದೆ. ನನಗೆ ಮನಸ್ಸಾಗಲಿಲ್ಲ. ಅಮ್ಮ ತೀರಿಕೊಳ್ಳುವವರೆಗೂ, ಆರು ವರ್ಷ, ಬಾಗಿಲಿಗೆ ಅಡ್ಡವಾಗಿ ಚಾಪೆ ಹಾಸಿಕೊಂಡು ಮಲಗಿದೆ.

ರೇಡಿಯೊದಲ್ಲಿ ನಾನು ಅಳುವುದಿಲ್ಲ. ಆ ಪತ್ರವನ್ನು ತಾರೀಖಿನ ಸಮೇತ ಓದುತ್ತೇನೆ, ಅಷ್ಟೇ.

ಶೂಟಿಂಗಿಗೆಂದು ನೀನು ಒಯ್ದ ಅಮ್ಮನ ಕನ್ನಡಕವನ್ನು ಭಾನುವಾರದೊಳಗೆ ಕಳಿಸಿಕೊಡು. ನನಗೂ ಈಗ ಅದೇ ನಂಬರು. ನಿನ್ನ ಅಕ್ಷರ ಬಹಳ ಸಣ್ಣದು. ಓದುವಾಗ ಒಂದು ಪದವೂ ತಪ್ಪಬಾರದು.

ಇಂತಿ,
ಪೋಸ್ಟರಿನಲ್ಲಿರುವ ನಿನ್ನ ಅಕ್ಕ